ಪಕ್ಕದ ಫ್ಲ್ಯಾಟು ನಿಜಕ್ಕೂ ಎಷ್ಟಕ್ಕೆ ಹೋಯಿತು?

2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. 45 ಲಕ್ಷ ರೂಪಾಯಿ ಮೀರಿದ ಆಸ್ತಿಗೆ ಬೆಂಗಳೂರಿನಲ್ಲಿ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು ಸೇರಿ ಶೇ 5.6 ಮೊದಲೇ ಇತ್ತು. ಈಗ ಒಟ್ಟು ಶೇ 7.6 ಆಗಿದೆ. ಇಲ್ಲಿಯವರೆಗೆ ಲೆಕ್ಕ ಸರಳ. ಗೊಂದಲ ಹುಟ್ಟುವುದು ಮುಂದಿನ ಪ್ರಶ್ನೆಗೆ: ಈ ಶೇ 7.6 ಯಾವ ಬೆಲೆಯ ಮೇಲೆ? ಶುಲ್ಕ ವಸೂಲಿಗೆಂದು ಸರ್ಕಾರ ಪ್ರದೇಶವಾರು ನಿಗದಿ ಮಾಡುವ ಕನಿಷ್ಠ ಬೆಲೆ, ಅಂದರೆ ಮಾರ್ಗಸೂಚಿ ದರ, ಒಂದು ಬೆಲೆ ಹೇಳುತ್ತದೆ, ವೆಬ್‌ಸೈಟಿನ ಜಾಹೀರಾತು ಇನ್ನೊಂದು, ಏಜೆಂಟರು ಮತ್ತೊಂದು. ಹೂಡಿಕೆಗೆಂದು ಫ್ಲ್ಯಾಟೋ ಸೈಟೋ ಹುಡುಕುವವರಿಗೆ ಬೇಕಿರುವುದು ಈ ಮೂರರಲ್ಲಿ ಯಾವುದೂ ಅಲ್ಲ. ಅದೇ ಕಟ್ಟಡದಲ್ಲಿ, ಅದೇ ಬೀದಿಯಲ್ಲಿ, ಈಚಿನ ತಿಂಗಳುಗಳಲ್ಲಿ ಅಂಥದ್ದೇ ಆಸ್ತಿ ನಿಜಕ್ಕೂ ಎಷ್ಟಕ್ಕೆ ಕೈ ಬದಲಾಯಿತು ಎಂಬ ಮಾಹಿತಿ ಬೇಕು. ಅದು ಹೆಚ್ಚಾಗಿ ಏಜೆಂಟರ ಬಳಿಯೇ ಇರುತ್ತದೆ. ಅವರಿಂದ ಅದನ್ನು ಪಡೆಯುವುದು ಹೇಗೆ, ಪಡೆದದ್ದನ್ನು ನಂಬುವುದು ಹೇಗೆ ಎನ್ನುವುದೇ ಈ ಲೇಖನದ ವಿಷಯ.

ಒಂದೇ ಫ್ಲ್ಯಾಟಿಗೆ ಮೂರು ಬೆಲೆ

ಒಂದು ಉದಾಹರಣೆ ಲೆಕ್ಕ ಇಟ್ಟುಕೊಳ್ಳೋಣ. 1,200 ಚದರಡಿ ಸೂಪರ್ ಬಿಲ್ಟ್‌ಅಪ್ (ಗೋಡೆ, ಮೆಟ್ಟಿಲು, ಲಿಫ್ಟಿನಂಥ ಸಾಮಾನ್ಯ ಜಾಗದ ಪಾಲೂ ಸೇರಿದ) ಅಳತೆಯ ಎರಡು ಬೆಡ್‌ರೂಮಿನ ಹಳೆಯ ಫ್ಲ್ಯಾಟು. ಮಾಲೀಕರು ಜಾಹೀರಾತಿನಲ್ಲಿ 96 ಲಕ್ಷ ಕೇಳಿದ್ದರು. ಚೌಕಾಸಿಯಾಗಿ ಕೊನೆಗೆ 88 ಲಕ್ಷಕ್ಕೆ ಮುಗಿಯಿತು. ಕ್ರಯಪತ್ರದಲ್ಲಿ ಬರೆದದ್ದು 72 ಲಕ್ಷ. ಚದರಡಿಗೆ ಲೆಕ್ಕ ಹಾಕಿದರೆ ಜಾಹೀರಾತಿನ ಪ್ರಕಾರ 8,000 ರೂಪಾಯಿ, ಕೊಟ್ಟ ಹಣದ ಪ್ರಕಾರ ಸುಮಾರು 7,330, ದಾಖಲೆಯ ಪ್ರಕಾರ 6,000.

ತಿಂಗಳಿಗೆ 28,000 ರೂಪಾಯಿ ಬಾಡಿಗೆ ಬರುತ್ತದೆ ಎಂದುಕೊಂಡರೆ ವರ್ಷಕ್ಕೆ 3.36 ಲಕ್ಷ. ಜಾಹೀರಾತಿನ ಬೆಲೆಗೆ ಹೋಲಿಸಿದರೆ ಬಾಡಿಗೆಯ ಆದಾಯ ಶೇ 3.5, ನಿಜವಾದ ಬೆಲೆಗೆ ಶೇ 3.8, ದಾಖಲೆಯ ಬೆಲೆಗೆ ಶೇ 4.7ರ ಹತ್ತಿರ. ಯಾವ ಬೆಲೆಯನ್ನು ಹೋಲಿಕೆಗೆ ತೆಗೆದುಕೊಂಡೆವು ಎನ್ನುವುದರ ಮೇಲೆ ಒಂದೇ ಆಸ್ತಿ ಸಾಧಾರಣವಾಗಿಯೂ ಕಾಣಬಹುದು, ಬಲು ಲಾಭದ್ದಾಗಿಯೂ ಕಾಣಬಹುದು. ಜಾಹೀರಾತಿನ ಬೆಲೆ ಮಾರುವವರ ಆಸೆ. ದಾಖಲೆಯ ಬೆಲೆ ತೆರಿಗೆಗೆಂದು ಬರೆದದ್ದು. ಹೂಡಿಕೆಯ ತೀರ್ಮಾನಕ್ಕೆ ಬೇಕಾದ ನಡುವಿನ ಬೆಲೆ ಕೊಂಡವರು, ಮಾರಿದವರು ಮತ್ತು ನಡುವೆ ನಿಂತ ಏಜೆಂಟರು, ಈ ಮೂವರಿಗೆ ಮಾತ್ರ ಗೊತ್ತು.

ಪತ್ರದಲ್ಲಿ ಬೆಲೆ ತಗ್ಗುವುದೇಕೆ

ಮಾರ್ಗಸೂಚಿ ದರ ಅಥವಾ ಪತ್ರದಲ್ಲಿ ಬರೆದ ಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಮುದ್ರಾಂಕ ಮತ್ತು ನೋಂದಣಿ ಶುಲ್ಕ ಬೀಳುತ್ತದೆ. ಮಾರ್ಗಸೂಚಿ ದರಕ್ಕಿಂತ ಕಡಿಮೆ ಬರೆದರೆ ಸಬ್‌ರಿಜಿಸ್ಟ್ರಾರ್ ತಡೆಯುತ್ತಾರೆ. ಕರ್ನಾಟಕ ಮುದ್ರಾಂಕ ಕಾಯ್ದೆಯ 45ಎ ಕಲಮಿನಡಿ ಪ್ರಕರಣ ಮೇಲಿನ ಅಧಿಕಾರಿಗೆ ಹೋಗುತ್ತದೆ. ಪತ್ರದ ಬೆಲೆಗಿಂತ ಮಾರ್ಗಸೂಚಿ ಮೌಲ್ಯ ಶೇ 10ಕ್ಕಿಂತ ಹೆಚ್ಚಿದ್ದರೆ ಆದಾಯ ತೆರಿಗೆ ಕಾನೂನೂ ಕೊಂಡವರು, ಮಾರಿದವರು ಇಬ್ಬರನ್ನೂ ಹಿಡಿಯುತ್ತದೆ. ಆದರೆ ಈ ಬಲೆಯೆಲ್ಲ ಇರುವುದು ಮಾರ್ಗಸೂಚಿ ದರದ ಕೆಳಗೆ. ಅದರ ಮೇಲಿನಿಂದ ನಿಜವಾದ ಬೆಲೆಯವರೆಗಿನ ಅಂತರದಲ್ಲಿ ಎಷ್ಟು ಬರೆದರೂ ಕಚೇರಿಯಲ್ಲಿ ಸುಲಭವಾಗಿ ಸಾಗಿಹೋಗುತ್ತದೆ.

ಆ ಅಂತರದಲ್ಲಿ ನಿಜ ಬರೆಯುವುದಕ್ಕೆ ಒಂದು ಖರ್ಚಿದೆ. ಮೊದಲು ಮಾರ್ಗಸೂಚಿಯ ಮೇಲೆ ಬರೆದ ಪ್ರತಿ ಲಕ್ಷಕ್ಕೆ 6,600 ರೂಪಾಯಿ ಹೆಚ್ಚು ಕಟ್ಟಬೇಕಿತ್ತು, ಶುಲ್ಕ ಏರಿದ ಮೇಲೆ ಅದು 7,600 ಆಯಿತು. ಮಾರುವವರಿಗೆ ಬಂಡವಾಳ ಲಾಭದ ತೆರಿಗೆಯ ಚಿಂತೆ, ಕೊಳ್ಳುವವರಿಗೆ ಶುಲ್ಕದ ಚಿಂತೆ, ಇಬ್ಬರ ಹಿತವೂ ಕಡಿಮೆ ಬರೆಯುವುದರಲ್ಲೇ ಕೂಡುತ್ತದೆ. ಉಳಿದದ್ದು ನಗದಿನಲ್ಲಿ ಕೈ ಬದಲಾಗುತ್ತದೆ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ, ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಹಾಗಿದ್ದೂ ‘ವೈಟ್ ಎಷ್ಟು, ಬ್ಲ್ಯಾಕ್ ಎಷ್ಟು’ ಎಂಬ ಪ್ರಶ್ನೆ ಬೆಂಗಳೂರಿನ ಮಾತುಕತೆಯಿಂದ ಮರೆಯಾಗಿಲ್ಲ.

ಕಡಿಮೆ ಬರೆಸಿ ಉಳಿಸಿದೆ ಎಂದುಕೊಳ್ಳುವ ಹೂಡಿಕೆದಾರರು ಮುಂದಿನ ಲೆಕ್ಕವನ್ನೂ ನೋಡಬೇಕು. ಮೇಲಿನ ಉದಾಹರಣೆಯಲ್ಲಿ 16 ಲಕ್ಷ ಬಿಟ್ಟು ಬರೆದದ್ದರಿಂದ ಉಳಿದ ಶುಲ್ಕ 1,21,600 ರೂಪಾಯಿ. ಕೆಲವು ವರ್ಷ ಬಿಟ್ಟು ಅದೇ ಫ್ಲ್ಯಾಟನ್ನು ಪೂರ್ತಿ ಚೆಕ್ಕಿನಲ್ಲೇ 1 ಕೋಟಿಗೆ ಮಾರಿದರೆ, ಕೊಂಡ ಬೆಲೆ 88 ಲಕ್ಷ ಎಂದಿದ್ದಾಗ ಲಾಭ 12 ಲಕ್ಷ, 72 ಲಕ್ಷ ಎಂದಿದ್ದಾಗ 28 ಲಕ್ಷ. ದೀರ್ಘಾವಧಿ ಲಾಭಕ್ಕೆ ಶೇ 12.5ರಂತೆ ಹೆಚ್ಚುವರಿ ತೆರಿಗೆ 2 ಲಕ್ಷ. ಉಳಿಸಿದ್ದಕ್ಕಿಂತ ಕಟ್ಟುವುದೇ ಹೆಚ್ಚು, ಕಾನೂನು ಮುರಿದ ಅಪಾಯ ಬೇರೆ.

ಇದರ ಪರಿಣಾಮ ಆ ಇಬ್ಬರಿಗೇ ಮುಗಿಯುವುದಿಲ್ಲ. ಮಾರ್ಗಸೂಚಿ ದರ ಪರಿಷ್ಕರಿಸುವಾಗ ನೋಂದಣಿಯಾದ ಬೆಲೆಗಳೂ ಆಧಾರವಾಗುತ್ತವೆ. ಪತ್ರದಲ್ಲಿ ಕಡಿಮೆ ಬರೆದಷ್ಟೂ ದರ ಹಿಂದೆ ಬೀಳುತ್ತದೆ, ದರ ಹಿಂದೆ ಬಿದ್ದಷ್ಟೂ ಕಡಿಮೆ ಬರೆಯಲು ಜಾಗ ಸಿಗುತ್ತದೆ. ಕೊನೆಗೆ ಸರ್ಕಾರ ಒಮ್ಮೆಲೇ ಏರಿಸುತ್ತದೆ. ಹಲವು ವರ್ಷಗಳ ಬಳಿಕ 2023ರ ಅಕ್ಟೋಬರ್ 1ರಿಂದ ಪರಿಷ್ಕೃತ ದರ ಬಂದಾಗ ಜನರಿಗೆ ಅದು ದಿಢೀರ್ ಹೊರೆಯಾಗಿ ಕಂಡದ್ದು ಇದರಿಂದಲೇ. ಅಂಥ ಏರಿಕೆಯನ್ನು ಮಾರುಕಟ್ಟೆಯೇ ಏರಿತು ಎಂದು ಓದಿಕೊಂಡರೆ ತಪ್ಪಾಗುತ್ತದೆ.

ಏಜೆಂಟರು ಬಾಯಿ ಬಿಡದ ಕಾರಣ

ಏಜೆಂಟರನ್ನು ದೂರುವುದು ಸುಲಭ, ಆದರೆ ಅವರ ಕಡೆಯ ವಾದದಲ್ಲಿ ಹುರುಳಿದೆ. ಯಾರು ಎಷ್ಟಕ್ಕೆ ಮಾರಿದರು ಎನ್ನುವುದು ಅವರಿಗೆ ಗಿರಾಕಿ ನಂಬಿ ಒಪ್ಪಿಸಿದ ಸಂಗತಿ. ನಗದಿನ ಪಾಲಿದ್ದ ವ್ಯವಹಾರವಾದರೆ ನಿಜವಾದ ಬೆಲೆ ಹೇಳುವುದೆಂದರೆ ಗಿರಾಕಿಯನ್ನು ತೊಂದರೆಗೆ ನೂಕಿದಂತೆ. ಮೇಲಾಗಿ ಆ ಮಾಹಿತಿಯೇ ಅವರ ಬಂಡವಾಳ. ಅದನ್ನು ಫೋನಿನಲ್ಲೇ ಬಿಟ್ಟುಕೊಟ್ಟರೆ ಕೇಳಿದವರು ನೇರವಾಗಿ ಮಾಲೀಕರನ್ನೇ ಹಿಡಿದು ಕಮಿಷನ್ ತಪ್ಪಿಸುತ್ತಾರೆ ಎಂಬ ಭಯವೂ ಅನುಭವದಿಂದಲೇ ಬಂದದ್ದು.

ಹೂಡಿಕೆದಾರರ ಸಂಶಯಕ್ಕೂ ಅಷ್ಟೇ ಆಧಾರವಿದೆ. ಕಮಿಷನ್ ಮಾರಾಟದ ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ಬರುತ್ತದೆ, ಅದೂ ವ್ಯವಹಾರ ಮುಗಿದರೆ ಮಾತ್ರ. ಹೀಗಾಗಿ ಏಜೆಂಟರಿಗೆ ಬೆಲೆ ಎಲ್ಲಿಗೆ ನಿಂತಿತು ಎನ್ನುವುದಕ್ಕಿಂತ ವ್ಯವಹಾರ ಮುಗಿಯುವುದೇ ಮುಖ್ಯ. ಕೊಳ್ಳುವವರ ಮುಂದೆ ಅತಿ ಎತ್ತರದ ಮಾರಾಟವೊಂದನ್ನು ಹೇಳಿ ‘ಇದು ಅಗ್ಗ’ ಎನ್ನುತ್ತಾರೆ, ಮಾರುವವರ ಮುಂದೆ ಅತಿ ಕೆಳಗಿನದನ್ನು ಹೇಳಿ ‘ಇಷ್ಟಕ್ಕೆ ಒಪ್ಪಿಬಿಡಿ’ ಎನ್ನುತ್ತಾರೆ. ಎರಡೂ ಸುಳ್ಳಲ್ಲ, ಆಯ್ದ ನಿಜ. ಹೋಲಿಕೆಗೆ ಆಯ್ದ ನಿಜ ಸುಳ್ಳಿನಷ್ಟೇ ಅಪಾಯಕಾರಿ.

ಕಾನೂನು ನೆರವಿಗೆ ಬರುತ್ತದೆಯೇ? 2016ರ ರೇರಾ, ಅಂದರೆ ಸ್ಥಿರಾಸ್ತಿ ನಿಯಂತ್ರಣ ಕಾಯ್ದೆ, ಏಜೆಂಟರು ನೋಂದಣಿ ಮಾಡಿಸಿಕೊಳ್ಳಬೇಕು, ಲೆಕ್ಕಪತ್ರ ಇಡಬೇಕು, ದಾರಿ ತಪ್ಪಿಸುವ ಮಾತು ಆಡಬಾರದು, ಯೋಜನೆಯ ದಾಖಲೆಗಳು ಕೊಳ್ಳುವವರಿಗೆ ಸಿಗುವಂತೆ ಮಾಡಬೇಕು ಎನ್ನುತ್ತದೆ. ಆದರೆ ಅದರ ಕಣ್ಣಿರುವುದು ಬಿಲ್ಡರುಗಳ ನೋಂದಾಯಿತ ಯೋಜನೆಗಳ ಮೇಲೆ. ಒಬ್ಬರು ಇನ್ನೊಬ್ಬರಿಗೆ ಮಾರುವ ಹಳೆಯ ಫ್ಲ್ಯಾಟಿನ ವಿಚಾರದಲ್ಲಿ, ಅಕ್ಕಪಕ್ಕದ ಮಾರಾಟಗಳ ಪಟ್ಟಿ ಕೊಡಲೇಬೇಕು ಎಂದು ಏಜೆಂಟರನ್ನು ಅದು ಕಟ್ಟಿಹಾಕುವುದಿಲ್ಲ.

ದರ ಕೇಳಬೇಡಿ, ವ್ಯವಹಾರ ಕೇಳಿ

‘ಈ ಏರಿಯಾದಲ್ಲಿ ರೇಟ್ ಎಷ್ಟಿದೆ?’ ಎಂಬ ಪ್ರಶ್ನೆಯೇ ಮೊದಲ ತಪ್ಪು. ಅದಕ್ಕೆ ಬರುವ ಉತ್ತರ ಅಭಿಪ್ರಾಯ, ಅದನ್ನು ಯಾರೂ ಪರೀಕ್ಷಿಸಲಾರರು. ಪರೀಕ್ಷಿಸಬಹುದಾದದ್ದು ಒಂದೊಂದು ವ್ಯವಹಾರ. ಆದ್ದರಿಂದ ಪ್ರಶ್ನೆ ಹೀಗಿರಲಿ: ‘ಸರ್, ಈ ಅಪಾರ್ಟ್‌ಮೆಂಟಿನಲ್ಲಿ ಕಳೆದ ಆರು ತಿಂಗಳಲ್ಲಿ ಯಾವ್ಯಾವ ಫ್ಲ್ಯಾಟು ರಿಜಿಸ್ಟರ್ ಆಗಿವೆ? ಯಾವ ಬ್ಲಾಕು, ಎಷ್ಟನೇ ಮಹಡಿ, ಯಾವ ತಿಂಗಳು? ಲೋನ್ ಮೇಲೆ ತಗೊಂಡ್ರಾ?’ ಹೆಸರು ಬೇಡ ಎಂದು ಮೊದಲೇ ಹೇಳಿಬಿಡಿ. ಗಿರಾಕಿಯ ಗುಟ್ಟು ಕಾಯುವ ಏಜೆಂಟರಿಗೂ ಇಷ್ಟು ಹೇಳುವುದರಲ್ಲಿ ಸಂಕೋಚ ಕಡಿಮೆ. ಬೆಲೆಯನ್ನು ಅವರು ಹೇಳಿದರೆ ಸಂತೋಷ, ಹೇಳದಿದ್ದರೂ ನಿಮ್ಮ ಕೈಗೆ ಫ್ಲ್ಯಾಟಿನ ಗುರುತು ಸಿಕ್ಕಿದೆ. ನೋಂದಣಿ ದಾಖಲೆಯೊಳಗೆ ಹೋಗಲು ಬೇಕಾದ ಕೀಲಿ ಅದೇ.

ಎರಡನೆಯ ಪ್ರಶ್ನೆ ಮಾರಾಟವಾಗದವುಗಳ ಬಗ್ಗೆ: ಯಾವ ಫ್ಲ್ಯಾಟು ತಿಂಗಳುಗಟ್ಟಲೆ ಹಾಗೇ ಉಳಿದಿದೆ, ಎಷ್ಟಕ್ಕೆ ಕೇಳಿದವರನ್ನು ಮಾಲೀಕರು ವಾಪಸ್ ಕಳಿಸಿದರು? ಮುಗಿದ ಮಾರಾಟದ ಬೆಲೆ ಹೇಳಲು ಹಿಂಜರಿಯುವವರೂ ಮುರಿದುಬಿದ್ದ ಮಾತುಕತೆಯ ಬಗ್ಗೆ ಬಿಚ್ಚಿ ಮಾತಾಡುತ್ತಾರೆ. ಕೊಳ್ಳುವವರು ಎಲ್ಲಿಗೆ ನಿಂತರು, ಮಾರುವವರು ಎಲ್ಲಿಂದ ಇಳಿಯಲಿಲ್ಲ ಎಂಬ ಎರಡು ಬೆಲೆ ಸಿಕ್ಕರೆ ನಿಜವಾದ ಬೆಲೆ ಆ ನಡುವೆಯೇ ಎಲ್ಲೋ ಇರುತ್ತದೆ.

ಒಂದೇ ವ್ಯವಹಾರದ ಬಗ್ಗೆ ಇಬ್ಬರು ಮೂವರು ಏಜೆಂಟರನ್ನು ಬೇರೆ ಬೇರೆಯಾಗಿ ಕೇಳುವುದು ಒಳ್ಳೆಯದು. ಅವರಲ್ಲಿ ಒಬ್ಬರಾದರೂ ನಿಮಗೆ ಆಸ್ತಿ ತೋರಿಸುವ ಆಸೆ ಇಲ್ಲದವರಾಗಿರಲಿ, ಉದಾಹರಣೆಗೆ ಅದೇ ಕಟ್ಟಡದ ಬಾಡಿಗೆ ವ್ಯವಹಾರವನ್ನಷ್ಟೇ ನೋಡಿಕೊಳ್ಳುವವರು. ಅಪಾರ್ಟ್‌ಮೆಂಟ್ ಸಂಘದ ಕಚೇರಿಗೂ ಯಾವ ಮನೆ ಯಾವಾಗ ಕೈ ಬದಲಾಯಿತು ಎನ್ನುವುದು ಗೊತ್ತಿರುತ್ತದೆ, ಮೇಂಟೆನೆನ್ಸ್ ಬಾಕಿ ಇಲ್ಲವೆಂಬ ಪತ್ರಕ್ಕೆ ಮಾರುವವರು ಅಲ್ಲಿಗೇ ಬರಬೇಕಲ್ಲ.

ಇದೆಲ್ಲ ಒಬ್ಬರ ಸಮಯ, ಒಬ್ಬರ ತಿಳಿವಳಿಕೆ. ಪುಕ್ಕಟೆ ಕೇಳುವುದು ನ್ಯಾಯವೂ ಅಲ್ಲ, ಅದರಿಂದ ಫಲವೂ ಕಡಿಮೆ. ಕೊಂಡರೆ ಇವರ ಮೂಲಕವೇ ಕೊಳ್ಳುತ್ತೇನೆ, ಕಮಿಷನ್ ಇಷ್ಟು ಎಂದು ಮೊದಲೇ ಬರೆದುಕೊಟ್ಟ ಗಿರಾಕಿಗೆ ಏಜೆಂಟರು ತೆರೆದುಕೊಳ್ಳುವ ರೀತಿಯೇ ಬೇರೆ. ದುಬೈಯಲ್ಲೋ ಅಮೆರಿಕದಲ್ಲೋ ಕುಳಿತು ವಾಟ್ಸ್‌ಆ್ಯಪ್ ವಿಡಿಯೋ ನೋಡಿ ಬೆಂಗಳೂರಿನಲ್ಲಿ ಆಸ್ತಿ ಕೊಳ್ಳುವ ಕನ್ನಡಿಗರಿಗೆ ಈ ಮಾತು ಹೆಚ್ಚು ಅನ್ವಯ. ಒಬ್ಬರೇ ಏಜೆಂಟರ ಮಾತಿನ ಮೇಲೆ ನಿಲ್ಲುವ ಅಪಾಯ ಅವರಿಗೇ ಹೆಚ್ಚು. ಬ್ಯಾಂಕುಗಳಿಗೆ ವರದಿ ಬರೆಯುವ ಮೌಲ್ಯಮಾಪಕರಿಗೆ ಶುಲ್ಕ ಕೊಟ್ಟು ಸ್ವತಂತ್ರ ವರದಿ ಪಡೆಯುವುದು ಅಂಥವರಿಗೆ ದುಬಾರಿಯೇನಲ್ಲ.

ದಾಖಲೆ ಸಾರ್ವಜನಿಕ, ದಾರಿ ಕಿರಿದು

1908ರ ನೋಂದಣಿ ಕಾಯ್ದೆ ಸ್ಥಿರಾಸ್ತಿಯ ಪತ್ರಗಳನ್ನು ‘ಮೊದಲನೇ ಪುಸ್ತಕ’ದಲ್ಲಿ ದಾಖಲಿಸುತ್ತದೆ. ಆ ಪುಸ್ತಕವನ್ನು ಶುಲ್ಕ ಕಟ್ಟಿ ಅರ್ಜಿ ಹಾಕಿದ ಯಾರೂ ನೋಡಬಹುದು, ನಕಲು ಪಡೆಯಬಹುದು ಎಂದು 57ನೇ ಕಲಮು ಹೇಳುತ್ತದೆ. ಕ್ರಯಪತ್ರ ಸಾರ್ವಜನಿಕ ದಾಖಲೆ ಎಂಬುದು ನೂರು ವರ್ಷ ಮೀರಿದ ಕಾನೂನು, ಯಾರೋ ಮಾಡುವ ಉಪಕಾರವಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್ 1ರಿಂದ ಈಚಿನ ವ್ಯವಹಾರಗಳ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ಆನ್‌ಲೈನಿನಲ್ಲಿ ಸಿಗುತ್ತದೆ. ಅದರಲ್ಲಿ ಪತ್ರದ ಬಗೆ, ದಿನಾಂಕ, ಮೊತ್ತ, ಚೆಕ್ಕುಬಂದಿ ಎಲ್ಲವೂ ಇರುತ್ತವೆ.

ಆದರೆ ‘ಈ ಬೀದಿಯ ಎಲ್ಲ ಮಾರಾಟ ತೋರಿಸು’ ಎಂದರೆ ಆ ವ್ಯವಸ್ಥೆ ತೋರಿಸುವುದಿಲ್ಲ. ಆಸ್ತಿಯ ಸಂಖ್ಯೆಯಂಥ ಗುರುತು ಕೊಟ್ಟು ಒಂದೊಂದನ್ನೇ ಕೇಳಬೇಕು. ಏಜೆಂಟರಿಂದ ಪಡೆದ ಫ್ಲ್ಯಾಟಿನ ಗುರುತು ಕೆಲಸಕ್ಕೆ ಬರುವುದು ಇಲ್ಲೇ. ಅವರು 88 ಲಕ್ಷ ಎಂದರು, ಇ.ಸಿ. 72 ಲಕ್ಷ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಯಾರನ್ನು ನಂಬುವುದು?

ಅದೇ ಇ.ಸಿ.ಯಲ್ಲಿ ಇನ್ನೊಂದು ಸುಳಿವು ಸಿಗಬಹುದು. ಸಾಲ ಪಡೆದು ಕೊಂಡಿದ್ದರೆ, ಬ್ಯಾಂಕಿಗೆ ಹಕ್ಕುಪತ್ರ ಒಪ್ಪಿಸಿದ ಅಡಮಾನವೂ ಅಲ್ಲಿ ದಾಖಲಾಗಿರುವುದುಂಟು. ರಿಸರ್ವ್ ಬ್ಯಾಂಕಿನ ನಿಯಮದಂತೆ ಗೃಹಸಾಲ 30 ಲಕ್ಷದವರೆಗೆ ಆಸ್ತಿ ಮೌಲ್ಯದ ಶೇ 90, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75 ಮೀರುವಂತಿಲ್ಲ. 64 ಲಕ್ಷ ಸಾಲ ಎಂದು ಕಂಡರೆ, ಬ್ಯಾಂಕು ಆ ಫ್ಲ್ಯಾಟಿಗೆ ಕನಿಷ್ಠ 80 ಲಕ್ಷ ಮೌಲ್ಯ ಕಟ್ಟಿದೆ ಎಂದರ್ಥ. ಆಗ 88ರ ಮಾತು ನಂಬಲರ್ಹವಾಗುತ್ತದೆ, 72 ತೆರಿಗೆಯ ಬೆಲೆ ಎಂದು ಗೊತ್ತಾಗುತ್ತದೆ. ಅಡಮಾನದ ಮೊತ್ತದಲ್ಲಿ ಬೇರೆ ಸಾಲವೂ ಸೇರಿರಬಹುದಾದ್ದರಿಂದ ಇದನ್ನೇ ಕೊನೆಯ ತೀರ್ಪು ಎನ್ನಲಾಗದು. ಆದರೂ ಹೋಲಿಕೆಗೆ ಸಾಲದ ಮೇಲಿನ ಮಾರಾಟಗಳನ್ನೇ ಮೊದಲು ಆರಿಸಿಕೊಳ್ಳಿ. ಹೆಚ್ಚು ಸಾಲ ಬೇಕಾದವರು ಪತ್ರದಲ್ಲಿ ಹೆಚ್ಚು ಬೆಲೆ ತೋರಿಸಲೇಬೇಕಾಗುತ್ತದೆ, ಹಾಗಾಗಿ ಅಂಥ ಪತ್ರಗಳು ನಿಜಕ್ಕೆ ಹತ್ತಿರ. ಪೂರ್ತಿ ಕೈಹಣದ ವ್ಯವಹಾರಗಳ ದಾಖಲೆಯ ಬೆಲೆಗೆ ತೂಕ ಕಡಿಮೆ ಕೊಡಬೇಕು.

ಸಿಕ್ಕ ಬೆಲೆಗಳನ್ನು ಒಂದೇ ಅಳತೆಗೆ ತರುವುದು

ಚದರಡಿ ದರ ಎಂದಾಗ ಯಾವ ಚದರಡಿ ಎಂದು ಕೇಳದೆ ಮುಂದೆ ಹೋಗಬೇಡಿ. 1,200 ಸೂಪರ್ ಬಿಲ್ಟ್‌ಅಪ್‌ನ ಎರಡು ಫ್ಲ್ಯಾಟುಗಳು ತಲಾ 84 ಲಕ್ಷಕ್ಕೆ ಹೋದರೆ ಎರಡಕ್ಕೂ ದರ 7,000. ಒಂದರಲ್ಲಿ ಕಾರ್ಪೆಟ್ ಅಳತೆ 900, ಇನ್ನೊಂದರಲ್ಲಿ 816 ಆಗಿದ್ದರೆ ನಿಜವಾಗಿ ಕಾಲಿಡುವ ಜಾಗಕ್ಕೆ ಮೊದಲನೆಯದರಲ್ಲಿ ಸುಮಾರು 9,330 ರೂಪಾಯಿ, ಎರಡನೆಯದರಲ್ಲಿ 10,290. ಹಳೆಯ ಕಟ್ಟಡವಾದರೆ ಜಮೀನಿನಲ್ಲಿ ಫ್ಲ್ಯಾಟಿಗೆ ಬರುವ ಪಾಲು, ಯುಡಿಎಸ್ ಎಷ್ಟು ಎನ್ನುವುದೂ ಬೆಲೆಯ ದೊಡ್ಡ ಭಾಗ.

ಬಿಲ್ಡರರ ಹೊಸ ಫ್ಲ್ಯಾಟಿನ ದರವನ್ನು ಹಳೆಯ ಫ್ಲ್ಯಾಟಿನ ಪಕ್ಕದಲ್ಲಿಟ್ಟು ‘ನೋಡಿ, ಎಷ್ಟು ಅಗ್ಗ’ ಎನ್ನುವುದು ಸಾಮಾನ್ಯ. ಕಟ್ಟುತ್ತಿರುವ ಫ್ಲ್ಯಾಟಿನ ಮೇಲೆ ಸಾಮಾನ್ಯವಾಗಿ ಶೇ 5 ಜಿಎಸ್‌ಟಿ ಇದೆ, ಮಹಡಿಗೆ ತಕ್ಕ ಹೆಚ್ಚುವರಿ, ಕ್ಲಬ್‌ಹೌಸು ಎಂದೆಲ್ಲ ಸೇರುತ್ತದೆ. ಬಳಸಿದ ಫ್ಲ್ಯಾಟಿಗೆ ಜಿಎಸ್‌ಟಿ ಇಲ್ಲ. ಎರಡನ್ನೂ ಕೈಗೆ ಬರುವ ಹೊತ್ತಿನ ಒಟ್ಟು ಖರ್ಚಿಗೆ ತಂದ ಮೇಲೆಯೇ ಹೋಲಿಕೆ. ಎ ಖಾತಾ (ನಿಯಮಬದ್ಧ), ಬಿ ಖಾತಾ (ಅನುಮೋದನೆಯ ಕೊರತೆ ಇರುವ) ಆಸ್ತಿಗಳನ್ನು ಒಂದೇ ಪಟ್ಟಿಗೆ ಸೇರಿಸುವುದಂತೂ ಕೂಡದು. ಬ್ಯಾಂಕಿನ ಸಾಲ ಸಿಗುವ ಸುಲಭದಲ್ಲೇ ವ್ಯತ್ಯಾಸವಿರುವಾಗ ಬೆಲೆಯಲ್ಲೂ ಇರುತ್ತದೆ.

ಸೈಟಿನ ಕಥೆ ಇನ್ನೂ ಕಷ್ಟ

ಫ್ಲ್ಯಾಟಿಗೆ ಪಕ್ಕದ ಫ್ಲ್ಯಾಟಾದರೂ ಹೋಲಿಕೆಗೆ ಸಿಗುತ್ತದೆ. ಎರಡು 30x40 ಸೈಟುಗಳು ಅಕ್ಕಪಕ್ಕ ಇದ್ದರೂ ಒಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹಂಚಿದ್ದು, ಇನ್ನೊಂದು ಅನುಮೋದನೆ ಇಲ್ಲದೆ ಕೃಷಿ ಜಮೀನಿನಲ್ಲಿ ಮಾಡಿದ ರೆವಿನ್ಯೂ ಬಡಾವಣೆಯದು ಆಗಿರಬಹುದು. ರಸ್ತೆಯ ಅಗಲ, ಮೂಲೆ, ದಿಕ್ಕು ಎಲ್ಲವೂ ಬೆಲೆ ಬದಲಿಸುತ್ತವೆ. ನಗದಿನ ಪಾಲು ಇಲ್ಲಿ ಇನ್ನೂ ಹೆಚ್ಚಿರುವುದರಿಂದ ದಾಖಲೆಯ ಬೆಲೆ ಇನ್ನೂ ದುರ್ಬಲ. ಬರೀ ಅಗ್ರಿಮೆಂಟಿನ ಮೇಲೆ ಕೈ ಬದಲಾದದ್ದು ನೋಂದಣಿಯಾಗದೇ ಇದ್ದರೆ ಇ.ಸಿ.ಯಲ್ಲಿ ಕಾಣುವುದೂ ಇಲ್ಲ.

ಇದಕ್ಕೆ ಒಂದು ಒಳ್ಳೆಯ ಆಸರೆ ಬಿಡಿಎ ಮೂಲೆ ನಿವೇಶನಗಳ ಇ–ಹರಾಜು. ಅಲ್ಲಿ ಕೂಗಿದ ಬೆಲೆ ಪೂರ್ತಿ ಲೆಕ್ಕದ ಹಣ, ಗುಟ್ಟಿಗೆ ಎಡೆಯಿಲ್ಲ. ಮೂಲೆ ಸೈಟಾದ್ದರಿಂದ ಬೆಲೆ ತುಸು ಮೇಲಿರುತ್ತದೆ ಎಂಬುದನ್ನು ನೆನಪಿಟ್ಟು, ಏಜೆಂಟರು ಹೇಳಿದ ಒಳಸೈಟಿನ ಬೆಲೆ ಅದಕ್ಕಿಂತ ಮೇಲಿದ್ದರೆ ಕಾರಣ ಕೇಳಬೇಕು. ಸಾಲ ತೀರಿಸದ ಆಸ್ತಿಗಳ ಬ್ಯಾಂಕ್ ಹರಾಜಿನ ಬೆಲೆಯೂ ಬಹಿರಂಗ. ಆದರೆ ಅದು ಕಷ್ಟಕ್ಕೆ ಸಿಕ್ಕಿದ ಆಸ್ತಿಯ ಬೆಲೆ, ಕೆಳಗಿನ ಅಂಚನ್ನು ತಿಳಿಯಲು ಮಾತ್ರ ಸಾಕು.

ಬೇರೆ ಕಡೆ ಹೇಗಿದೆ, ಇಲ್ಲಿ ಏನಾಗಬೇಕು

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2017ರಿಂದ ಏಜೆಂಟರು ಮಾರಾಟಕ್ಕಿಟ್ಟ ಮನೆಯ ಜೊತೆಗೇ ಮಾಹಿತಿ ಪತ್ರವೊಂದನ್ನು ಕೊಡಬೇಕು. ಮೆಲ್ಬರ್ನ್ ನಗರದಲ್ಲಾದರೆ ಎರಡು ಕಿಲೋಮೀಟರಿನೊಳಗೆ, ಆರು ತಿಂಗಳೊಳಗೆ ಮಾರಾಟವಾದ ಹೋಲುವ ಮೂರು ಮನೆಗಳ ಬೆಲೆ ಅದರಲ್ಲಿರಬೇಕು. ಬೆಲೆ ಕಡಿಮೆ ಹೇಳಿ ಜನರನ್ನು ಸೆಳೆಯುವ ಚಾಳಿ ತಡೆಯಲು ತಂದ ನಿಯಮವದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಭೂ ನೋಂದಣಿ ಇಲಾಖೆಯೇ ಮನೆಗಳ ಮಾರಾಟ ಬೆಲೆಗಳನ್ನು ಉಚಿತವಾಗಿ ಪ್ರಕಟಿಸುತ್ತದೆ. ಅಷ್ಟು ದೂರ ಹೋಗುವುದೂ ಬೇಡ, ಮಹಾರಾಷ್ಟ್ರದಲ್ಲಿ ‘ಇಂಡೆಕ್ಸ್ 2’ ದಾಖಲೆಗಳನ್ನು, ಅಂದರೆ ನೋಂದಣಿಯಾದ ಪತ್ರಗಳ ಸಾರಾಂಶವನ್ನು, ಆನ್‌ಲೈನಿನಲ್ಲಿ ಹುಡುಕುವ ವ್ಯವಸ್ಥೆ ಇರುವುದರಿಂದ ಮುಂಬೈ, ಪುಣೆಯ ಮಾರಾಟಗಳ ಬಗ್ಗೆ ಮಾಹಿತಿ ಕಲೆಹಾಕುವ ಕಂಪನಿಗಳೇ ಬೆಳೆದಿವೆ.

ಕರ್ನಾಟಕದಲ್ಲಿ ಇದಕ್ಕೆ ಎದುರಾಗುವ ಆಕ್ಷೇಪ ಎರಡು. ಒಂದು ಖಾಸಗಿತನ. ಆದರೆ ಹೋಲಿಕೆಗೆ ಹೆಸರು ಬೇಕಾಗಿಯೇ ಇಲ್ಲ. ಕಟ್ಟಡ, ಅಳತೆ, ತಿಂಗಳು, ಬೆಲೆ ಸಾಕು. ಎರಡನೆಯದು ಹೆಚ್ಚು ಗಟ್ಟಿ: ಪತ್ರದಲ್ಲಿರುವ ಬೆಲೆಯೇ ನಿಜವಲ್ಲದಿದ್ದರೆ ಅದನ್ನು ಪ್ರಕಟಿಸಿ ಏನು ಲಾಭ? ಲಾಭವಿದೆ. ಒಂದೇ ಕಟ್ಟಡದಲ್ಲಿ ಸಾಲದ ಮೇಲೆ ಕೊಂಡವರ ಪತ್ರ 85 ಲಕ್ಷ, ಕೈಹಣದವರ ಪತ್ರ 70 ಲಕ್ಷ ಎಂದು ಎಲ್ಲರ ಕಣ್ಣಿಗೂ ಬಿದ್ದರೆ ಕಡಿಮೆ ಬರೆಯುವುದು ಕಷ್ಟವಾಗುತ್ತದೆ. ಮಾರ್ಗಸೂಚಿ ದರವೂ ವರ್ಷವರ್ಷ ಸ್ವಲ್ಪ ಸ್ವಲ್ಪವೇ ನಿಜದ ಹತ್ತಿರ ಬರಬಹುದು.

ಶುಲ್ಕ ಏರಿಸಿ ನಿಜ ಬರೆಯುವುದನ್ನು ದುಬಾರಿ ಮಾಡಿದ ಸರ್ಕಾರ, ಅದರ ಜೊತೆಗೇ ದಾಖಲೆಗಳನ್ನು ತೆರೆದಿಡಬೇಕಿತ್ತು. ಹಾಗಾಗಿಲ್ಲ. ಆದ್ದರಿಂದ ಸದ್ಯದ ಮಟ್ಟಿಗೆ ಪತ್ರದ ಬೆಲೆಗಳು ಮಾರ್ಗಸೂಚಿಗೆ ಇನ್ನಷ್ಟು ಅಂಟಿಕೊಳ್ಳುವ ಸಾಧ್ಯತೆಯೇ ಹೆಚ್ಚು, ಏಜೆಂಟರ ತಲೆಯಲ್ಲಿರುವ ಮಾಹಿತಿಯ ಬೆಲೆಯೂ ಅಷ್ಟೇ ಏರುತ್ತದೆ. ಹೂಡಿಕೆದಾರರು ಕೊಳ್ಳುವ ಮೊದಲು ಕನಿಷ್ಠ ಮೂರು ವ್ಯವಹಾರಗಳ ಗುರುತು ಪಡೆದು, ಮೂರರ ಇ.ಸಿ. ತೆಗೆಸಿ, ಅವುಗಳಲ್ಲಿ ಒಂದಾದರೂ ಸಾಲದ ಮೇಲಿನ ಮಾರಾಟವಾಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ಅಡ್ವಾನ್ಸ್ ಕೊಡುವುದು ಸರಿ. ಮೂರು ವ್ಯವಹಾರಗಳ ಗುರುತನ್ನೂ ಕೊಡಲಾಗದ ಏಜೆಂಟರು ಆ ಕಟ್ಟಡದಲ್ಲಿ ಮಾರಾಟ ಮಾಡಿರುವುದೇ ಸಂದೇಹ, ಅವರು ಹೇಳುವ ರೇಟನ್ನು ಚೌಕಾಸಿಯ ಮೊದಲ ಮಾತು ಎಂದಷ್ಟೇ ತೆಗೆದುಕೊಳ್ಳಬೇಕು.